ಎಡಗಣ್ಣು ಮುಚ್ಚಿ ನೋಡು

ಪವಾಡ, ದರ್ಶನ ಎಂದು ಯಾರಾದರೂ ಶುರುಮಾಡಿದರೆ ಎದ್ದು ಅಡುಗೆಮನೆಗೆ ಹೋಗುವ ಹೆಂಗಸು ನಾನು. ಹಾಗಾಗಿ ಇದನ್ನು ನೀವು ನಂಬಲೇಬೇಕೆಂದು ನನ್ನ ಒತ್ತಾಯವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಹನುಮಂತನಗರದ ಮನೆಯಲ್ಲಿ ಕೂತು ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಚಿಕ್ಕಂದಿನಿಂದ ಎಡಗಣ್ಣು ಮಂದ. ರೇಷ್ಮೆ ಎಳೆ ಬಿಡಿಸುವುದು, ಗಂಟು ಬಿಗಿಯುವುದು ಎಲ್ಲವೂ ಬಲಗಣ್ಣಿನ ದಯೆ. ಅದೂ ಕೈಕೊಟ್ಟರೆ ನನ್ನ ಕಥೆ ಮುಗಿದ ಹಾಗೆ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ದೀಪ ಹಚ್ಚಿ ಕಣ್ಣು ಮುಚ್ಚಿದಾಗ, ಬಲಗಣ್ಣಿನ ಅಂಚಿನಲ್ಲಿ ಛಕ್ಕನೆ ಬೆಳಕು ಮಿಂಚಿತು. ಮತ್ತೆ, ಮತ್ತೆ. ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ನಾದಿನಿ ರತ್ನಾಗೆ ಹೇಳಿದೆ. ಅವಳು ಗಟ್ಟಿಯಾಗಿ ನನ್ನ ಕೈ ಹಿಡಿದುಕೊಂಡು, "ಅತ್ಗೆ, ನಿಮ್ಗೆ ಜ್ಯೋತಿ ಕಾಣಿಸ್ಕೊಂಡಿದೆ. ಯಾರಿಗೂ ಹೇಳ್ಬೇಡಿ, ಹೇಳಿದ್ರೆ ನಿಂತೋಗತ್ತೆ" ಎಂದಳು. ನಾನು ನಕ್ಕೆ. ಆದರೂ ಯಾರಿಗೂ ಹೇಳಲಿಲ್ಲ, ನೋಡಿ!

ಮರುದಿನ ಒಗ್ಗರಣೆಯಲ್ಲಿ ಸಿಡಿದ ಸಾಸಿವೆಯಂತೆ ಕಪ್ಪು ಚುಕ್ಕೆಗಳು ಕಣ್ಣ ಮುಂದೆ ತೇಲತೊಡಗಿದವು. ಹಬ್ಬದ ಸೀರೆಗಳಿಗಾಗಿ ನಿದ್ದೆಗೆಟ್ಟಿದ್ದಕ್ಕೆ ಹೀಗೆ ಎಂದುಕೊಂಡೆ. ಸಂಜೆ ರತ್ನಾ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಎಳೆದುಕೊಂಡು ಹೋದಳು. ಅವಳು ಪ್ರದಕ್ಷಿಣೆ ಹಾಕುವಾಗ ನಾನು ದೀಪದ ಕಂಬದ ಎದುರಿನ ಕಟ್ಟೆಯ ಮೇಲೆ ಕೂತೆ. ಬಿಸಿಲು ಹೊಂಬಣ್ಣಕ್ಕೆ ತಿರುಗಿತ್ತು. ಕೆಳಗಿನ ಬಸ್ಸುಗಳ ಸದ್ದು ಎಲ್ಲೋ ದೂರಕ್ಕೆ ಸರಿದು ಹೋದಂತಿತ್ತು.

"ಎಡಗಣ್ಣು ಮುಚ್ಚಿ ನೋಡಮ್ಮ" ಎಂದರು ಯಾರೋ.

ಮುಚ್ಚಿದೆ. ಕಂಬದ ಎಡಭಾಗವೇ ಇರಲಿಲ್ಲ! ಅಲ್ಲಿ ಬೂದು ಬಣ್ಣದ ಪರದೆಯೊಂದು ಇಳಿಬಿದ್ದಿತ್ತು. ಏನೂ ಕಾಣಬಾರದ ಆ ಜಾಗದಲ್ಲಿ ನೇರಳೆ ಸೀರೆಯ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ಅವರ ಸೆರಗಿನ ಕುಚ್ಚಿನ ಒಂದೊಂದು ಗಂಟೂ ನನಗೆ ಕಾಣುತ್ತಿತ್ತು.

"ಇವತ್ತೇ ಹೋಗು. ನಾಳೆ ಅನ್ಬೇಡ" ಎಂದರು.

ಎರಡೂ ಕಣ್ಣು ತೆರೆದೆ. ಎದುರಿಗೆ ಯಾರೂ ಇರಲಿಲ್ಲ. ಪ್ರದಕ್ಷಿಣೆ ಮುಗಿಸಿ ಬಂದ ರತ್ನಾ ಕೂಡ ಯಾರನ್ನೂ ನೋಡಿರಲಿಲ್ಲ. ನಾನು ಅವಳ ಕೈ ಹಿಡಿದು ಗುಡ್ಡ ಇಳಿದೆ. ಆಟೊ ಹಿಡಿದು ಜಯನಗರದ ಕಣ್ಣಾಸ್ಪತ್ರೆಗೆ ಹೋದೆವು.

"ಕಣ್ಣೊಳಗಿನ ಪರದೆ ಕಿತ್ಕೊಂಡು ಬರ್ತಿದೆ. ಮಿಂಚು ಕಂಡಾಗ್ಲೇ ಬರ್ಬೇಕಿತ್ತು ಆಂಟಿ. ಸದ್ಯ, ನಡುಭಾಗ ಇನ್ನೂ ಬಿಟ್ಟಿಲ್ಲ, ಉಳಿಸ್ಕೋಬಹುದು" ಎಂದರು ಡಾಕ್ಟರಮ್ಮ. ಆಪರೇಷನ್ ಆಯಿತು, ಕಣ್ಣು ಉಳಿಯಿತು. ಈಗ ಯಾರಿಗಾದರೂ ಹೀಗೆ ಮಿಂಚು ಕಂಡರೆ, ಚುಕ್ಕೆ ತೇಲಿದರೆ, ರತ್ನಾ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಅಟ್ಟುತ್ತಾಳೆ. ದೇವಸ್ಥಾನ ಆಮೇಲೆ.

ಆ ಹೆಂಗಸಿನ ವಿಷಯ ಹೇಳಿದಾಗ ಡಾಕ್ಟರಮ್ಮ, "ಕಾಣದೇ ಇರೋ ಜಾಗದಲ್ಲಿ ಕೆಲವು ಸಲ ಮೆದುಳು ತಾನೇ ಏನೋ ತುಂಬಿಸತ್ತೆ" ಎಂದರು. ಇರಬಹುದು. ಆದರೆ ನನಗೇ ಗೊತ್ತಿಲ್ಲದ್ದು ನನ್ನ ಮೆದುಳಿಗೆ ಹೇಗೆ ಗೊತ್ತಾಯಿತು?

ಈಗ ದಿನಾ ಬೆಳಿಗ್ಗೆ ಎಡಗಣ್ಣು ಮುಚ್ಚಿಕೊಂಡು ಬಾಗಿಲಲ್ಲಿ ನಿಲ್ಲುತ್ತೇನೆ. ಎಡಗಡೆಯ ತುಳಸಿ, ಒಣಹಾಕಿದ ಬಟ್ಟೆ, ಪಕ್ಕದ ಮನೆಯವರ ಸ್ಕೂಟರ್ ಎಲ್ಲವೂ ಕಾಣುತ್ತವೆ. ಆಕೆ ಮಾತ್ರ ಕಾಣುವುದಿಲ್ಲ.