ಉಳ್ಳಾಲದಲ್ಲಿ ನಿಂತ ಚುಕ್ಕೆ

ಪಾರ್ಸೆಲ್ ಹಂಚುವವರ ಸ್ಕೂಟರುಗಳು ನನ್ನ ಪರದೆಯ ಮೇಲೆ ಹಸಿರು ಚುಕ್ಕೆಗಳಾಗಿ ಓಡುತ್ತವೆ. ಕಾವೂರಿನ ಗೋದಾಮಿನಲ್ಲಿ ಕುಳಿತು ಅವನ್ನು ನೋಡುವುದು ನನ್ನ ಕೆಲಸ. ಏಳನೇ ತರಗತಿಗೆ ಶಾಲೆ ಬಿಟ್ಟವನಿಗೆ ಕುರ್ಚಿ ಸಿಕ್ಕಿದ್ದೇ ದೊಡ್ಡದು. ಚುಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತರೆ ಕೆಂಪಾಗುತ್ತದೆ. ಆಗ ನಾನು ಕಾರಣ ಒತ್ತಬೇಕು: ಪಂಕ್ಚರ್, ಮಳೆ, ಗೇಟು ಬಂದ್, ಗ್ರಾಹಕ ಫೋನ್ ಎತ್ತಲಿಲ್ಲ. ಇದ್ಯಾವುದೂ ಅಲ್ಲದಿದ್ದರೆ ‘ಕಾರಣವಿಲ್ಲ’. ಅಂಥದ್ದು ಮೂರು ಬಿದ್ದವರು ಮ್ಯಾನೇಜರ ಮುಂದೆ ನಿಲ್ಲಬೇಕು. ಕೆಲಸವೂ ಹೋಗಬಹುದು.

ನನ್ನ ತಂಗಿ ಅದೇ ಗೋದಾಮಿನಿಂದ ಉಳ್ಳಾಲದ ಕಡೆಗೆ ಪಾರ್ಸೆಲ್ ಒಯ್ಯುತ್ತಾಳೆ. ಒಂದು ಸೋಮವಾರ ಅವಳ ಚುಕ್ಕೆ ಅಲ್ಲಿನ ಒಂದು ಓಣಿಯಲ್ಲಿ ಹದಿನೆಂಟು ನಿಮಿಷ ನಿಂತಿತು. ಮಂಗಳವಾರವೂ ಅಲ್ಲಿಯೇ. ಫೋನ್ ಮಾಡಿದರೆ, “ಸ್ವಲ್ಪ ಕೆಲಸ ಉಂಟು, ಫೋನ್ ಇಡು” ಎಂದಳು. ಆ ಓಣಿಗೆ ಒಂದು ಪಾರ್ಸೆಲ್ಲೂ ಇರಲಿಲ್ಲ. ಮತ್ತೆಂಥ ಕೆಲಸ? ಯಾರಾದರೂ ಹುಡುಗನೇ? ಊಟಕ್ಕೆ ಕುಳಿತರೂ ತಲೆಯಲ್ಲಿ ಅದೇ. ಎರಡೂ ದಿನ ‘ಕಾರಣವಿಲ್ಲ’ ಒತ್ತಿದೆ.

ಬುಧವಾರ ನನಗೆ ರಜೆ. ಬೈಕಿನಲ್ಲಿ ಅವಳ ಹಿಂದೆ ಹೋದೆ. ಅವಳು ಒಂದು ಹೋಟೆಲಿನಲ್ಲಿ ಏನೋ ಕೇಳಿದಳು. ಗಲ್ಲಾದಲ್ಲಿದ್ದವನು ತಲೆ ಅಲ್ಲಾಡಿಸಿದ. ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಬೀಗ. ಕೊನೆಗೆ ಆ ಓಣಿಯ ಒಂದು ಮನೆಯ ಹಿತ್ತಲಿಗೆ ಹೋದಳು. ಕಾಂಪೌಂಡಿನ ಆಚೆ ನಿಂತು ನೋಡಿದೆ. ಒಬ್ಬರು ಬ್ಯಾರಿ ಅಜ್ಜಿ ಕಕ್ಕಸಿನ ಚಿಲಕ ಹಾಕುತ್ತಾ, “ಇದಕ್ಕೆ ಹೆದರಿ ನೀರು ಕುಡಿಯದೆ ಇರ್ಬೇಡ ಮಗಳೇ, ನಾಳೆಯೂ ಬಾ” ಎನ್ನುತ್ತಿದ್ದರು.

ಬುಧವಾರ ನನ್ನ ಬದಲಿಗೆ ಕುಳಿತವನು ಅವಳಿಗೆ ‘ಪಂಕ್ಚರ್’ ಒತ್ತಿದ್ದ. ಗುರುವಾರ ಚುಕ್ಕೆ ಮತ್ತೆ ಕೆಂಪಾಯಿತು. ಎಲ್ಲ ಗೊತ್ತಿದ್ದೂ ‘ಕಾರಣವಿಲ್ಲ’ ಒತ್ತಿದೆ. ಪಟ್ಟಿಯಲ್ಲಿ ಅಂಥ ಕಾರಣವೇ ಇರಲಿಲ್ಲ ಎನ್ನಬಹುದು. ಆದರೆ ಬೇರೆಯವರಿಗೆ ಸುಳ್ಳು ಪಂಕ್ಚರ್ ಒತ್ತಿಕೊಟ್ಟವನು ನಾನು. ತಂಗಿಗೆ ಸಹಾಯ ಮಾಡಿದ ಎಂದು ಯಾರಾದರೂ ದೂರಿದರೆ ನನ್ನ ಕುರ್ಚಿ ಹೋಗುತ್ತದೆ ಎಂದು ಹೆದರಿದೆ.

ಮರುದಿನ ಮ್ಯಾನೇಜರು ಇಬ್ಬರನ್ನೂ ಕರೆದರು.

“ದಿನಾ ಅಲ್ಲಿ ಎಂತ ಮಾಡ್ತಾಳೆ ಮಾರಾಯ ನಿನ್ನ ತಂಗಿ?”

“ಗೊತ್ತಿಲ್ಲ ಸರ್,” ಎಂದೆ.

ತಂಗಿ ನನ್ನನ್ನೊಮ್ಮೆ ನೋಡಿದಳು. “ಮೂತ್ರಕ್ಕೆ ಹೋಗ್ತೇನೆ ಸರ್.”

“ಹದಿನೆಂಟು ನಿಮಿಷವಾ?”

“ಅದಕ್ಕೆ ಎರಡೇ ನಿಮಿಷ ಸರ್. ಅಜ್ಜಿಗೆ ಮೊಣಕಾಲು ನೋವು, ಬಂದು ಬಾಗಿಲು ತೆಗೀಲಿಕ್ಕೆ ಹೊತ್ತಾಗ್ತದೆ. ಗಂಡಸರಿಗಾದ್ರೆ ದಾರಿಯುದ್ದ ಗೋಡೆ ಉಂಟು.”

ಮ್ಯಾನೇಜರು ಕೆಮ್ಮಿದರು. ಮೂರೂ ಅಳಿಸಲು ನನಗೆ ಹೇಳಿದರು. ಅವಳ ಕೆಲಸ ಉಳಿಯಿತು. ಪಟ್ಟಿಗೆ ‘ಸ್ವಂತ ಕೆಲಸ’ ಎಂಬ ಸಾಲೊಂದು ಸೇರಿತು. ಶೌಚ ಎಂದು ಬರೆಯಲು ಅವರಿಗೂ ನಾಚಿಕೆ.

ಹೊರಗೆ ಬಂದ ಮೇಲೆ ತಂಗಿ ಹೇಳಿದಳು: “ಬುಧವಾರ ನೀನು ಹಿಂದೆ ಬಂದದ್ದು ಕನ್ನಡಿಯಲ್ಲಿ ಕಂಡಿತ್ತು ಅಣ್ಣ. ಇನ್ನು ಸರ್‌ಗೆ ನೀನೇ ಹೇಳ್ತಿ ಅಂತ ನಾನು ಧೈರ್ಯದಲ್ಲಿದ್ದೆ.”

ಅವಳು ಸ್ಕೂಟರ್ ಹತ್ತಿ ಹೊರಟಳು. ಆ ದಿನದ ಪಾರ್ಸೆಲ್ಲುಗಳಿಗೆ ಆಗಲೇ ಒಂದು ಗಂಟೆ ತಡವಾಗಿತ್ತು.