ಅವರ ಚೀಲದಲ್ಲಿ ನನ್ನ ಹಕ್ಕಿಗಳು

ಟೆಕ್ಸಾಸ್‌ನಲ್ಲಿ ನನ್ನಷ್ಟು ನಿಯಮ ಪಾಲಿಸಿ ಹಕ್ಕಿ ಹೊಡೆಯುವವರು ಇನ್ನೊಬ್ಬರಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ ಕಾಲ ಒಂದಿತ್ತು. ಈಗಲೂ ಹೇಳುತ್ತೇನೆ. ‘ಒಂದು ನಿಯಮ ಬಿಟ್ಟು’ ಎಂದು ಸೇರಿಸುತ್ತೇನೆ, ಅಷ್ಟೇ.

ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ಕಂಪ್ಯೂಟರ್ ಟೆಸ್ಟಿಂಗ್ ಮಾಡುವವಳು ನಾನು. ಹೊಸ ಯಂತ್ರ ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದಕ್ಕೇ ನನಗೆ ಸಂಬಳ. ಧಾರವಾಡದ ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಕ್ಯಾಂಪುಗಳಲ್ಲಿ ಹೊಟ್ಟೆಯ ಮೇಲೆ ಮಲಗಿ ರೈಫಲ್ ಹೊಡೆದಿದ್ದೆ. ಆಮೇಲೆ ಇಪ್ಪತ್ತೈದು ವರ್ಷ ಬಂದೂಕಿನ ನೆನಪೂ ಇರಲಿಲ್ಲ. ಬೇಟೆಯ ಹುಚ್ಚು ಹತ್ತಿದ್ದು ನನ್ನ ಗಂಡನಿಗೆ. ಸೌತ್‌ಲೇಕ್‌ನಲ್ಲಿ ವ್ಯಾಪಾರ ಮಾಡಿಕೊಂಡಿರುವ ಅವರ ಗೆಳೆಯರೊಬ್ಬರು ಒಮ್ಮೆ ಮಣ್ಣಿನ ಬಿಲ್ಲೆಗಳನ್ನು ಹಾರಿಸಿ ಹೊಡೆಯುವ ಮೈದಾನಕ್ಕೆ ನಮ್ಮನ್ನು ಕರೆದುಕೊಂಡು ಹೋದರು. ನಮ್ಮವರು ಮರುವಾರವೇ ಬಂದೂಕು, ಬೂಟು, ಟೊಪ್ಪಿಗೆ ಎಲ್ಲ ತಂದರು. ಆಸೆ ಅವರದು, ಗುರಿ ಮಾತ್ರ ನನ್ನದು.

ನಿಯಮಗಳ ಜವಾಬ್ದಾರಿಯನ್ನು ನಾನು ತೆಗೆದುಕೊಂಡೆ. ಇಬ್ಬರಿಗೂ ಬೇಟೆ ತರಬೇತಿಯ ಕೋರ್ಸ್ ಮಾಡಿಸಿದೆ. ಪ್ರತಿವರ್ಷ ಲೈಸೆನ್ಸು, ಅದರ ಜೊತೆಗೆ ವಲಸೆ ಹಕ್ಕಿಗಳಿಗೆ ಬೇರೆ ಅನುಮತಿ. ಬಂದೂಕಿನಲ್ಲಿ ಮೂರಕ್ಕಿಂತ ಹೆಚ್ಚು ಕಾಡತೂಸು ಹೋಗದಂತೆ ಒಳಗೆ ಒಂದು ಕಡ್ಡಿ. ಸೂರ್ಯ ಮುಳುಗಿದ ಮೇಲೆ ಒಂದು ಗುಂಡೂ ಇಲ್ಲ. ಪಾರಿವಾಳದ ಜಾತಿಯ ಬೆಳವ ಹಕ್ಕಿ ದಿನಕ್ಕೆ ಒಬ್ಬರಿಗೆ ಹದಿನೈದು. ಮನೆ ತಲುಪುವವರೆಗೆ ಹಕ್ಕಿಯ ಒಂದು ರೆಕ್ಕೆಯನ್ನಾದರೂ ಪುಕ್ಕದ ಸಮೇತ ಬಿಟ್ಟಿರಬೇಕು, ಯಾವ ಜಾತಿ ಎಂದು ಬೇಟೆಗಾರರನ್ನು ತಪಾಸಣೆ ಮಾಡುವ ಸರ್ಕಾರಿ ಅಧಿಕಾರಿ ಗೇಮ್ ವಾರ್ಡನ್‌ಗೆ ಗೊತ್ತಾಗಲೆಂದು. ಎಲ್ಲ ಕಾಗದಗಳನ್ನೂ ಒಂದು ಫೈಲಿನಲ್ಲಿ ಜೋಡಿಸಿ ಕಾರಿನಲ್ಲಿ ಇಟ್ಟಿದ್ದೆ. ವೀಸಾ ಇಂಟರ್‌ವ್ಯೂಗೆ ಫೈಲ್ ಜೋಡಿಸಿ ಜೋಡಿಸಿ ಪಳಗಿದ ಜನ ನಾವು. ವಾರ್ಡನ್ ಯಾವ ಲೆಕ್ಕ?

ಮೊದಲ ವರ್ಷದ ಸೆಪ್ಟೆಂಬರ್‌ನಲ್ಲಿ ಹೋಗಿದ್ದು ನಾಲ್ಕೇ ಜನ: ನಾವಿಬ್ಬರು, ಸೌತ್‌ಲೇಕ್‌ನವರು, ಮತ್ತೆ ಹ್ಯೂಸ್ಟನ್ ಕಡೆಯ ಕ್ಲಿಯರ್ ಲೇಕ್‌ನಿಂದ ಬರುವ ಮೈಸೂರಿನ ಇಂಜಿನಿಯರ್ ಒಬ್ಬರು. ಆಸ್ಟಿನ್‌ನಿಂದ ಎರಡು ಗಂಟೆಯ ದಾರಿ, ಕೊಯ್ದು ಬಿಟ್ಟ ಸೂರ್ಯಕಾಂತಿ ಹೊಲ. ಸಂಜೆ ಟ್ರಕ್ಕಿನ ಹಿಂಬದಿಯ ಹಲಗೆಯ ಮೇಲೆ ಎಲ್ಲರೂ ತಮ್ಮ ಹಕ್ಕಿಗಳನ್ನು ಸಾಲಾಗಿ ಇಟ್ಟರು. ನನ್ನ ಗಂಡನವು ಎರಡು, ನನ್ನವು ಒಂಬತ್ತು.

“ಏನ್ರಿ ಸರ, ಇನ್ಮ್ಯಾಲೆ ನಮ್ಮ ವೈನಿಯವ್ರೇ ಬ್ಯಾಟಿ ಆಡಿ ನಿಮಗ ಊಟಕ್ಕ ಹಾಕೂದಾತಲ್ಲ!” ಎಂದು ಸೌತ್‌ಲೇಕ್‌ನವರು ಹೊಲವೆಲ್ಲ ಕೇಳುವಂತೆ ನಕ್ಕರು.

ಇವರೂ ನಕ್ಕರು. ಆದರೆ ಮನೆಗೆ ಬಂದವರೇ ತಮ್ಮ ಎರಡು ಹಕ್ಕಿಗಳನ್ನು ಫ್ರೀಜರಿನ ತಳಕ್ಕೆ ತುರುಕಿದರು. ಮರುವರ್ಷದಿಂದ ನಾನು ಒಂದು ಉಪಾಯ ಹಿಡಿದೆ. ನನಗೆ ಬಿದ್ದ ಹಕ್ಕಿಗಳಲ್ಲಿ ಒಂದನ್ನೋ ಎರಡನ್ನೋ ನನ್ನ ಬಳಿ ಇಟ್ಟುಕೊಂಡು, ಮಿಕ್ಕಿದ್ದನ್ನು ಅವರ ಚೀಲಕ್ಕೆ ಹಾಕಿಬಿಡುತ್ತಿದ್ದೆ. ಅವರು ನೀರು ಕುಡಿಯಲು ಹೋದಾಗಲೋ, ಬಿದ್ದ ಹಕ್ಕಿ ಹುಡುಕಲು ಹೋದಾಗಲೋ, ನಾಲ್ಕು ಹೆಜ್ಜೆ ನಡೆದರೆ ಸಾಕು. ನಮ್ಮವ್ವ ಒಳ್ಳೆಯ ತುಂಡನ್ನು ಅಪ್ಪನ ತಾಟಿಗೆ ಹಾಕಿ ತಾನು ಸಾರು ಬಡಿಸಿಕೊಳ್ಳುತ್ತಿದ್ದಳು. ಅದನ್ನು ನೋಡಿ ಬೆಳೆದ ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಗೊತ್ತಾಗದೆ ಇರುತ್ತದೆಯೇ ಅವರಿಗೆ? ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಾಲ್ಕು ವರ್ಷಗಳಲ್ಲಿ ನನ್ನ ಗಂಡ ಗೆಳೆಯರ ನಡುವೆ ದೊಡ್ಡ ಬೇಟೆಗಾರರೆನಿಸಿಕೊಂಡರು.

ಐದನೆಯ ವರ್ಷ, ಅವರ ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಮೂರು ವಾರವಿತ್ತು. ನಾನು ಆಗಲೇ ಸಿಟಿಜನ್ ಆಗಿದ್ದೆ. ಅವರು ಮಾತ್ರ ಇಂಡಿಯಾದ ಪಾಸ್‌ಪೋರ್ಟ್ ಬಿಡಲಾರದೆ ವರ್ಷಗಟ್ಟಲೆ ಮೀನಮೇಷ ಎಣಿಸಿ, ಕೊನೆಗೆ ಮನಸ್ಸು ಮಾಡಿದ್ದರು. ಯಾವುದಾದರೂ ಅಧಿಕಾರಿ ನಿಮ್ಮ ಮೇಲೆ ಎಂದಾದರೂ ಕೇಸು ಬರೆದಿದ್ದಾರೆಯೇ ಎಂದು ಅರ್ಜಿಯಲ್ಲಿ ಒಂದು ಪ್ರಶ್ನೆಯಿದೆ. ಇಂಟರ್‌ವ್ಯೂ ಮುಗಿಯುವವರೆಗೆ ಯಾವ ತಕರಾರಿಗೂ ಸಿಕ್ಕಿಕೊಳ್ಳಬೇಡಿ, ಕೆಲಸ ನಿಂತುಹೋಗುತ್ತದೆ ಎಂದು ಲಾಯರ್ ಒತ್ತಿ ಹೇಳಿದ್ದರು. ನಾನು ಜೊತೆಗಿರುವಾಗ ಅವರಿಗೆ ಏನೂ ಆಗುವುದಿಲ್ಲ ಎಂದು ಆ ಲಾಯರ್‌ಗೇ ಧೈರ್ಯ ಹೇಳಿ ಬಂದಿದ್ದೆ.

ಆ ಸೆಪ್ಟೆಂಬರ್‌ನಲ್ಲೂ ಅದೇ ಹೊಲಕ್ಕೆ ಅದೇ ನಾಲ್ವರು ಹೋದೆವು. ಆ ದಿನ ಹಕ್ಕಿಗಳು ಒಳ್ಳೆಯ ಮೂಡಿನಲ್ಲಿದ್ದವು. ಹೊಲದ ಮೂಲೆಯ ಬಾವಿಯ ಕಡೆಯಿಂದ ಎರಡು ಮೂರಾಗಿ ಬಂದು ನನ್ನ ನೆತ್ತಿಯ ಮೇಲೆಯೇ ತಿರುಗುತ್ತಿದ್ದವು. ಐದು ಗಂಟೆಯ ಹೊತ್ತಿಗೆ ನಾನು ಹನ್ನೆರಡು ಹೊಡೆದಿದ್ದೆ. ಒಂದನ್ನು ಇಟ್ಟುಕೊಂಡು ಹನ್ನೊಂದನ್ನು ಅವರ ಚೀಲಕ್ಕೆ ಹಾಕಿದ್ದೆ. ಇಬ್ಬರದೂ ಸೇರಿ ಹದಿನೆಂಟು. ಎರಡು ಲೈಸೆನ್ಸಿಗೆ ಮೂವತ್ತು. ಲೆಕ್ಕ ಸರಿ ಎಂದುಕೊಂಡು ನಿಶ್ಚಿಂತಳಾಗಿದ್ದೆ.

ಆಗ ವಾರ್ಡನ್ ಬಂದರು. ನಲವತ್ತರ ಆಸುಪಾಸಿನ ಮನುಷ್ಯ, ಕೊರಳಲ್ಲಿ ದುರ್ಬೀನು. ಬಂದೂಕುಗಳನ್ನು ಖಾಲಿ ಮಾಡಿಸಿ ನೋಡಿದರು, ಸರಿಯಾಗಿದ್ದವು. ನಾನು ಫೈಲ್ ಚಾಚಿದೆ. ಪುಟ ತಿರುವುತ್ತ ‘ಇಷ್ಟು ಅಚ್ಚುಕಟ್ಟಾದ ಫೈಲನ್ನು ನಾನು ಹೊಲದಲ್ಲಿ ನೋಡಿಲ್ಲ’ ಎಂದರು. ನಾನು ಸೌತ್‌ಲೇಕ್‌ನವರ ಕಡೆ ತಿರುಗಿ ಹುಬ್ಬು ಹಾರಿಸಿದೆ.

ಆಮೇಲೆ ಅವರು ನನ್ನ ಗಂಡನ ಚೀಲವನ್ನು ಹಲಗೆಯ ಮೇಲೆ ಸುರಿದು ಎಣಿಸಿದರು. ಹದಿನೇಳು.

‘ಹದಿನೈದು ನಿಮ್ಮ ಮಿತಿ. ಇವನ್ನೆಲ್ಲ ನೀವೇ ಹೊಡೆದಿರಾ?’ ಎಂದು ಕೇಳಿದರು.

ಗಂಡ ಹೆಂಡತಿ ಆದರೂ ಚೀಲ ಬೇರೆ, ಲೆಕ್ಕ ಬೇರೆ. ಒಬ್ಬರು ಹೊಡೆದ ಹಕ್ಕಿಯನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಹೊಡೆದವರ ಹೆಸರು, ವಿಳಾಸ, ಎಷ್ಟು, ಯಾವ ಹಕ್ಕಿ, ಯಾವ ದಿನ ಎಂದು ಚೀಟಿ ಬರೆದು ಸಹಿ ಹಾಕಿ ಕಟ್ಟಿರಬೇಕು. ಆ ಸಾಲನ್ನು ನಾನು ಓದಿದ್ದೆ. ಬೇರೆಯವರಿಗೆ ಇರಬೇಕು ಎಂದುಕೊಂಡು ಮುಂದೆ ಹೋಗಿದ್ದೆ. ನಮ್ಮ ಮನೆಯಲ್ಲಿ ಯಾವತ್ತು ಇದು ನಿನ್ನದು, ಇದು ನನ್ನದು ಎಂದು ಬರೆದಿಟ್ಟಿದ್ದೆವು?

ನನ್ನ ಗಂಡ ಗೆಳೆಯರತ್ತ ಒಮ್ಮೆ ನೋಡಿದರು. ನನ್ನತ್ತ ಒಮ್ಮೆ ನೋಡಿದರು. “ಯೆಸ್ ಸರ್. ಎಲ್ಲಾ ನನ್ನವೇ” ಎಂದುಬಿಟ್ಟರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂರು ವಾರವಿದೆ ಇಂಟರ್‌ವ್ಯೂಗೆ, ಈ ಮನುಷ್ಯ ಮಾನಕ್ಕೆ ಹೆದರಿ ಅಧಿಕಾರಿಯ ಮುಂದೆ ಸುಳ್ಳು ಹೇಳುತ್ತಿದ್ದಾರೆ!

“ಸುಮ್ನಿರ್ರಿ!” ಎಂದೆ. ಆಮೇಲೆ ವಾರ್ಡನ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ: ಇದರಲ್ಲಿ ಆರು ಮಾತ್ರ ಇವರವು. ಹನ್ನೊಂದು ನಾನು ಹೊಡೆದವು, ನಾನೇ ಇವರ ಚೀಲಕ್ಕೆ ಹಾಕಿದ್ದೇನೆ, ಇವರನ್ನು ಕೇಳದೆ ಹಾಕಿದ್ದೇನೆ.

ವಾರ್ಡನ್ ನಮ್ಮ ಜಾಕೆಟ್ಟಿನ ಜೇಬುಗಳನ್ನು ಖಾಲಿ ಮಾಡಲು ಹೇಳಿದರು. ಹೊಲದಲ್ಲಿ ಕಸ ಬಿಡಬಾರದೆಂದು ಖಾಲಿ ಕಾಡತೂಸುಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳುವ ಅಭ್ಯಾಸವನ್ನು ನಾನೇ ಇಬ್ಬರಿಗೂ ಮಾಡಿಸಿದ್ದೆ. ನನ್ನದು ಸಣ್ಣ ನಳಿಗೆಯ ಬಂದೂಕು, ಅದರವು ಹಳದಿ. ಅವರದು ದೊಡ್ಡದು, ಅದರವು ಕೆಂಪು. ನನ್ನ ಜೇಬಿನಿಂದ ಇಪ್ಪತ್ತೊಂದು ಹಳದಿ ಬಂದವು. ಅವರ ಜೇಬಿನಿಂದ ಕೆಂಪು ಬರುತ್ತಲೇ ಇದ್ದವು. ಕ್ಲಿಯರ್ ಲೇಕ್‌ನವರು ಮೆಲ್ಲಗೆ ಎಣಿಸುತ್ತಿದ್ದವರು ನಲವತ್ತು ದಾಟಿದ ಮೇಲೆ ಬೇರೆ ಕಡೆ ನೋಡಿದರು. ಆರು ಹಕ್ಕಿಗೆ ಅಷ್ಟು ಗುಂಡು! ಸೌತ್‌ಲೇಕ್‌ನವರಿಗೂ ನಗು ಬರಲಿಲ್ಲ.

‘ಒಂದು ತಾಸಿನಿಂದ ರಸ್ತೆಯ ಮೇಲಿನಿಂದ ನೋಡುತ್ತಿದ್ದೆ’ ಎಂದರು ವಾರ್ಡನ್. ‘ನೀವು ಎದ್ದು ಹೋಗಿ ಚೀಲಕ್ಕೆ ಹಾಕುವುದನ್ನು ಮೂರು ಸಲ ಕಂಡೆ. ಯಾರು ಏನು ಹೇಳುತ್ತೀರಿ ಎಂದು ಕೇಳಬೇಕಿತ್ತು.’ ಅವರು ನನ್ನ ಗಂಡನ ಕಡೆ ತಿರುಗಿ ಮತ್ತೊಮ್ಮೆ ಕೇಳಿದರು.

“ಆರು,” ಎಂದರು ಇವರು. ದನಿ ಬಾವಿಯೊಳಗಿನಿಂದ ಬಂದಂತಿತ್ತು.

ಚೀಟಿಯಿಲ್ಲದೆ ಹಕ್ಕಿಗಳನ್ನು ಇನ್ನೊಬ್ಬರ ಚೀಲದಲ್ಲಿ ಇಟ್ಟದ್ದಕ್ಕೆ ವಾರ್ಡನ್ ನನ್ನ ಹೆಸರಿಗೆ ಕೇಸು ಬರೆದರು. ಹನ್ನೊಂದು ಹಕ್ಕಿಗಳನ್ನೂ ತೆಗೆದುಕೊಂಡರು. ಇವರಿಗೆ, ಇನ್ನು ಮುಂದೆ ಕೇಳಿದ ಪ್ರಶ್ನೆಗೆ ಮೊದಲನೆಯ ಸಲವೇ ನಿಜ ಹೇಳಿ ಎಂದು ಬುದ್ಧಿ ಹೇಳಿ ಬಿಟ್ಟರು. ನಾನು ಸಹಿ ಹಾಕಿದೆ. ಇವರ ಹೆಸರು ಆ ಕಾಗದದಲ್ಲಿ ಇರಲಿಲ್ಲವಲ್ಲ, ಅಷ್ಟು ಸಾಕಿತ್ತು. ವಾರ್ಡನ್‌ರ ಟ್ರಕ್ಕು ಹೋದ ಮೇಲೆ ಸೌತ್‌ಲೇಕ್‌ನವರು, “ವೈನಿ, ಹೇಳೂದು ಆಚಾರ, ತಿನ್ನೂದು ಬದನಿಕಾಯಿ ಆತಲ್ರಿ” ಎಂದರು. ಹೇಳಲಿ, ನನಗೆ ಬರಬೇಕಾದ್ದೇ.

ವಾಪಸ್ ಬರುವಾಗ ಕಾರು ಡ್ರೈವ್ ಮಾಡಿದ್ದು ನಾನು. ಅರ್ಧ ದಾರಿಗೆ ತಡೆಯಲಾರದೆ ಕೇಳಿದೆ: “ಎಲ್ಲಾರ ಮುಂದ ಹೇಳಿದೆ ಅಂತ ಸಿಟ್ಟೇನ್ರಿ? ಹೇಳದಿದ್ರ ಸಿಟಿಜನ್‌ಶಿಪ್ ನಿಂತ್ ಬಿಡ್ತಿತ್ತು.”

“ಹೇಳಿದ್ದು ಛಲೋ ಆತು,” ಎಂದರು. “ಆದ್ರ ನನ್ನ ಚೀಲಕ್ಕ ಹಾಕಿದ್ಯಾಕ? ಅದನ್ನ ಹೇಳು. ನಾ ಕೇಳಿದ್ನೇನು ನಿನ್ನ?”

“ಆವತ್ತ ನಿಮಗ ಬ್ಯಾಸರ ಆಗಿತ್ತಲ್ರಿ, ಮೊದಲನೇ ವರ್ಷ…”

“ಎರಡು ಹೊಡದೀನಿ ಅಂತ ಬ್ಯಾಸರ ಆಗಿತ್ತು. ಒಂದು ದಿನದ ಬ್ಯಾಸರ. ನೀ ನಾಲ್ಕು ವರ್ಷ ನನಗ ಪಾಪ ಅಂದಿ. ಪ್ರತಿ ಸಲ ಸಂಜಿಮುಂದ ಚೀಲ ಬಿಚ್ಚೂ ಮುಂದ ಏನ್ ಅನಸ್ತಿತ್ತು ಗೊತ್ತೇನು?”

ಯಂತ್ರ ಎಲ್ಲಿ ಕೆಡುತ್ತದೆ ಎಂದು ಹುಡುಕುವವಳಿಗೆ ಪಕ್ಕದಲ್ಲಿ ಕೂತ ಮನುಷ್ಯನಿಗೆ ಎಲ್ಲಿ ನೋಯುತ್ತಿದೆ ಎಂದು ತಿಳಿದಿರಲಿಲ್ಲ. ನಾಚಿಕೆಯಾಯಿತು. ತಪ್ಪಾಯಿತು ಎಂದೆ. ಅವರು ಕೈ ಚಾಚಿ, ನನಗೆ ಚಳಿಯಾದೀತೆಂದು ಏಸಿ ಕಡಿಮೆ ಮಾಡಿದರು.

ಇಂಟರ್‌ವ್ಯೂನಲ್ಲಿ ಆ ಕೇಸಿನ ಪ್ರಶ್ನೆ ಬಂದಾಗ ಇವರು ಇಲ್ಲ ಎಂದು ನಿಜವನ್ನೇ ಹೇಳಿ ಪಾಸಾಗಿ ಬಂದರು. ಹೊಲದಲ್ಲಿ ನಡೆದದ್ದನ್ನು ತಾವು ಕೆಲಸ ಮಾಡುವ ಆಫೀಸಿನಲ್ಲಿ ತಾವೇ ಹೇಳಿ ನಗಿಸಿದರಂತೆ. ಕೆಂಪು ಕಾಡತೂಸುಗಳ ಸಂಖ್ಯೆ ಒಂದೊಂದು ಸಲ ಹೇಳಿದಾಗಲೂ ಹೆಚ್ಚುತ್ತಿತ್ತು.

ಮರುವರ್ಷದ ಸೆಪ್ಟೆಂಬರ್. ಅದೇ ಹೊಲ, ಅದೇ ನಾಲ್ಕು ಜನ. ಇವರು ನನಗಾಗಿ ಬೇರೆ ಚೀಲ ತಂದಿದ್ದರು, ಅದರ ಜೊತೆಗೆ ಚೀಟಿಗಳ ಒಂದು ಕಟ್ಟು. ಸಂಜೆಯ ಹೊತ್ತಿಗೆ ನನ್ನವು ಹದಿನೈದು ಆಗಿದ್ದವು. ಬಂದೂಕು ಇಳಿಸಿ ಕೂತೆ. ನನ್ನ ಮೊಣಕಾಲು ನೋಯುತ್ತಿತ್ತು, ಟ್ರಕ್ಕು ಹೊಲದ ಆಚೆ ತುದಿಯಲ್ಲಿತ್ತು. ಇವರು ಬಂದು ಚೀಟಿಯಲ್ಲಿ ನನ್ನ ಹೆಸರು, ಹದಿನೈದು ಬೆಳವ, ತಾರೀಖು ಎಲ್ಲ ತಾವೇ ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ನನ್ನಿಂದ ಸಹಿ ಹಾಕಿಸಿ, ಚೀಲದ ಹಿಡಿಗೆ ಕಟ್ಟಿದರು. ಎರಡೂ ಹೆಗಲಿಗೆ ಒಂದೊಂದು ಚೀಲ ಹಾಕಿಕೊಂಡು ಮುಂದೆ ನಡೆದರು.

“ಓಹೋ, ಸರ ಇವತ್ತು ಭಾಳ ಭಾರ ಹೊತ್ತಾರಲ್ಲ! ಎಷ್ಟ್ ಹೊಡದ್ರಿ?” ಎಂದು ಟ್ರಕ್ಕಿನ ಮೇಲಿನಿಂದ ಸೌತ್‌ಲೇಕ್‌ನವರು ಕೂಗಿದರು.

ಇವರು ನಿಂತು, ಬಲಗಡೆಯ ಚೀಲವನ್ನು ಚೀಟಿ ಕಾಣುವಂತೆ ಎತ್ತಿ ಹಿಡಿದರು. “ಭಾರದ್ದು ಆಕೀದು,” ಎಂದರು. “ನಂದು ಈ ಹಗೂರಂದು. ಮೂರು.”