ಕೈ ನಿಲ್ಲಿಸಿದ ಹಾಡುಗಳು

ನಮ್ಮ ಲಾಂಡ್ರಿಯಲ್ಲಿ ಸುಟ್ಟ ಬಟ್ಟೆಗೆಲ್ಲ ಒಂದೊಂದು ಹಾಡಿದೆ. ಡಾಕ್ಟರಮ್ಮನ ಬಿಳಿ ಕೋಟಿನ ಜೇಬು ಕಂದಿದ್ದು ಒಂದು ಹಾಡಿಗೆ, ಹೋಟೆಲಿನವರ ಮೇಜುಬಟ್ಟೆ ಹೋಗಿದ್ದು ಇನ್ನೊಂದಕ್ಕೆ. ಸುಟ್ಟವರು ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಗಂಡ. ಬೇರೆಯವರಾಗಿದ್ದರೆ ಅವತ್ತೇ ಹೊರಗೆ ಹಾಕುತ್ತಿದ್ದೆ. ಭಾವನನ್ನು ಹೊರಗೆ ಹಾಕಿದರೆ ಅಕ್ಕ ನನ್ನನ್ನು ಹೊರಗೆ ಹಾಕುತ್ತಾಳೆ, ಲಾಂಡ್ರಿ ನನ್ನದೇ ಆದರೂ.

ಹಾಗಂತ ಕೆಲಸ ಬಾರದ ಮನುಷ್ಯ ಅಂದುಕೊಳ್ಳಬೇಡಿ. ಕಾಲರಿನಿಂದ ಶುರು ಮಾಡಿ ತೋಳು, ಬೆನ್ನು, ಕೊನೆಗೆ ಗುಂಡಿಪಟ್ಟಿ ಅಂತ ಅವರು ಇಸ್ತ್ರಿ ಮಾಡಿ ಮಡಿಸಿಟ್ಟ ಅಂಗಿಯನ್ನು ಬಿಚ್ಚಲು ಗಿರಾಕಿಗಳಿಗೇ ಮನಸ್ಸು ಬರುವುದಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಕೈ ಹೋಗುತ್ತಾ ಬರುತ್ತಾ ಇರುತ್ತದೆ, ತಲೆಯ ಮೇಲಿನ ಹಲಗೆಯಲ್ಲಿ ಸ್ಪೀಕರ್ ಹಾಡುತ್ತಾ ಇರುತ್ತದೆ. ಇಂಥದ್ದೇ ಹಾಡು ಅಂತಿಲ್ಲ. ಸಿನಿಮಾದ್ದು, ಭಜನೆ, ಸಂಗೀತ ಕಛೇರಿ, ಬ್ಯಾಂಡಿನವರದು, ನಾಡು ನುಡಿ ಗೊತ್ತಿಲ್ಲದವರದು. ಬಟ್ಟೆ ಕೊಡಲು ಬಂದ ಕಾಲೇಜು ಹುಡುಗರನ್ನು ತಡೆದು, ಕಿವಿಯಲ್ಲಿ ಇಟ್ಟುಕೊಂಡಿರುವುದನ್ನು ನಮಗೂ ಕೇಳಿಸ್ರಪ್ಪ ಎಂದು ಕೇಳುತ್ತಾರೆ. ನನಗೆ ತಲೆ ಚಿಟ್ಟು ಹಿಡಿದು ಎಷ್ಟೋ ಸಲ ವೈರ್ ಕಿತ್ತಿದ್ದೇನೆ. ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಸುಮ್ಮನೆ ನಿಂತು, ನಾನು ಆ ಕಡೆ ಹೋದ ಮೇಲೆ ಮತ್ತೆ ಸಿಕ್ಕಿಸುತ್ತಾರೆ.

ವರ್ಷದ ಕೊನೆಯ ಕೆಲಸದ ದಿನ ಮಾತ್ರ ನಾನೂ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಅವತ್ತು ಮಧ್ಯಾಹ್ನ ಮೆಷಿನ್‌ಗಳು ನಿಂತ ಮೇಲೆ ಎಲ್ಲರೂ ಬಟ್ಟೆ ಗಂಟುಗಳ ಮೇಲೆ ಕೂತು ಟೀ ಕುಡಿಯುತ್ತೇವೆ. ಭಾವ ಆ ವರ್ಷದಲ್ಲಿ ತಮಗೆ ಹಿಡಿಸಿದ ಹಾಡುಗಳನ್ನು ಹಾಕುತ್ತಾರೆ. ಆರಿಸುವುದಕ್ಕೆ ಅವರಿಗೆ ಒಂದೇ ನಿಯಮ. ಯಾವ ಹಾಡು ಬಂದಾಗ ಇಸ್ತ್ರಿ ಹಿಡಿದ ಕೈ ತನ್ನಷ್ಟಕ್ಕೆ ತಾನೇ ನಿಂತಿತೋ ಅದು ವರ್ಷದ ಹಾಡು. ಕೈ ನಿಂತರೆ ಬಟ್ಟೆ ಸುಡುತ್ತದೆ. ಎಲ್ಲ ಸಲವೂ ಸುಡುವುದಿಲ್ಲ, ಅದು ನಮ್ಮ ಪುಣ್ಯ.

ಹೋದ ವರ್ಷ ಈ ನಿಯಮವೇ ಮನೆಗೆ ಬೆಂಕಿ ಇಟ್ಟಿತು.

ಭಾವನಿಗೆ ಒಬ್ಬಳೇ ಮಗಳು. ಮೊಬೈಲ್ ಅಂಗಡಿಯಲ್ಲಿ ಕೆಲಸ, ರಜಾ ದಿನಗಳಲ್ಲಿ ಗೆಳೆಯರ ಜೊತೆ ಸೇರಿ ಮದುವೆಗಳಲ್ಲಿ ಹಾಡುತ್ತಾಳೆ. ಚಿಕ್ಕವಳಿದ್ದಾಗ ಇದೇ ಇಸ್ತ್ರಿ ಮೇಜಿನ ಕೆಳಗೆ ಹಾಸಿದ ಕಂಬಳಿಯಲ್ಲಿ ಮಲಗಿ, ಮೇಲೆ ಬರುವ ಹಾಡುಗಳನ್ನೆಲ್ಲ ಕೇಳಿಕೊಂಡೇ ಬೆಳೆದವಳು. ಹೋದ ವರ್ಷ ಅವರೆಲ್ಲ ಸೇರಿ ಸ್ಟುಡಿಯೋದಲ್ಲಿ ಒಂದು ಸ್ವಂತ ಹಾಡು ಮಾಡಿದರು. ಮೊಬೈಲಿನಲ್ಲಿ ಬಂತು, ಗೊತ್ತಿದ್ದವರೆಲ್ಲ ಭೇಷ್ ಅಂದರು. ಅವಳಿಗೆ ಅದು ಯಾವುದೂ ಬೇಕಿರಲಿಲ್ಲ. ಅಪ್ಪನ ಕೈ ಒಂದು ಸಲ ನಿಲ್ಲಬೇಕಿತ್ತು, ಅಷ್ಟೇ.

ದಿನಾ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬರುವಳು. ಸ್ಪೀಕರಿಗೆ ತನ್ನ ಫೋನ್ ಜೋಡಿಸಿ ಆ ಹಾಡು ಹಾಕುವಳು. ಹಾಕಿ, ಅಪ್ಪನ ಮುಖವನ್ನಲ್ಲ, ಕೈಯನ್ನು ನೋಡುತ್ತಾ ನಿಲ್ಲುವಳು. ಕೈ ಕಾಲರಿನಿಂದ ತೋಳಿಗೆ, ತೋಳಿನಿಂದ ಬೆನ್ನಿಗೆ ಹೋಗುತ್ತಿತ್ತು. ಹಾಡು ಮುಗಿಯುವಷ್ಟರಲ್ಲಿ ಅಂಗಿ ಮಡಿಸಿ ಆಗಿರುತ್ತಿತ್ತು. ಅಷ್ಟು ಚೊಕ್ಕಟವಾಗಿ ಅವರು ಬೇರೆ ಯಾವ ಹಾಡಿಗೂ ಇಸ್ತ್ರಿ ಮಾಡಿದ್ದನ್ನು ನಾನು ನೋಡಿಲ್ಲ.

ನಮ್ಮಲ್ಲೇ ಬಟ್ಟೆ ಮಡಿಸುವ ಅಕ್ಕನಿಗೆ ತಡೆಯಲಾಗಲಿಲ್ಲ. ಗಂಡನ ಕಿವಿಗೇ ಒಂದು ಸಲ ಇಸ್ತ್ರಿ ಹಾಕಬೇಕು ಎಂದು ಮಡಿಸುವ ಮೇಜಿನ ಹತ್ತಿರ ಗೊಣಗುತ್ತಲೇ ಇದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಈ ಮನುಷ್ಯನಿಗೆ ಮುತ್ತಿನಂಥ ಮಗಳ ದನಿ ಹಿಡಿಸುವುದಿಲ್ಲವಲ್ಲ ಎಂದು ನನಗೂ ಪಿತ್ತ ನೆತ್ತಿಗೇರಿತು. ಒಂದು ದಿನ ಎದುರಿಗೇ ನಿಂತು ಕೇಳಿದೆ.

"ಭಾವ, ಒಂದು ನಿಮಿಷ ಕೈ ನಿಲ್ಲಿಸಿದ್ರೆ ನಿಮ್ಮ ಗಂಟೇನು ಹೋಗತ್ತೆ? ಬೇಕಾದ್ರೆ ನನ್ನ ಅಂಗೀನೇ ಸುಡಿ."

"ನಿಲ್ಲಿಸೋದು ನಾನಾಗಿದ್ರೆ ಯಾವತ್ತೋ ನಿಲ್ಲಿಸ್ತಿದ್ದೆ ಕಣಯ್ಯ," ಅಂದರು.

ಅವತ್ತು ಅವರು ಡಬ್ಬಿ ಬಿಚ್ಚಲಿಲ್ಲ. ಮಗಳು ಹಾಡುವುದನ್ನೇ ಬಿಟ್ಟುಬಿಟ್ಟಾಳು ಅಂತ ಒಂದು ಹೆದರಿಕೆ. ಸುಳ್ಳೇ ಆರಿಸಿದರೆ ಅವಳಿಗೆ ಗೊತ್ತಾಗದೆ ಇರುವುದಿಲ್ಲ ಅನ್ನುವುದು ಇನ್ನೊಂದು. ಇದನ್ನು ಅವರು ನನಗೆ ಹೇಳಲಿಲ್ಲ, ಅಕ್ಕನಿಗೆ ಹೇಳಿದರು, ಅವಳು ನನಗೆ ಹೇಳಿದಳು.

ಕೊನೆಯ ದಿನ ಬಂತು. ಮೊದಲು ಬಂದಿದ್ದು ಒಬ್ಬ ಮುದುಕಿಯ ಹಾಡು, ಯಾವ ಭಾಷೆಯೋ ದೇವರಿಗೇ ಗೊತ್ತು. ನಡುವೆ ಕೆಮ್ಮುತ್ತಾಳೆ, ಕ್ಷಮಿಸಿ ಅಂದ ಹಾಗೆ ಏನೋ ಹೇಳಿ, ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾಳೆ. ಡಾಕ್ಟರಮ್ಮನ ಕೋಟನ್ನು ತಿಂದಿದ್ದು ಇದೇ ಮುದುಕಿ. ಆಮೇಲೆ ಬಸ್ಸಿಗೆ ಕಾಯುವವರ ಮೇಲೆ ಹುಡುಗರು ಕಟ್ಟಿದ ರ‍್ಯಾಪ್. ಪಟಪಟ ಬೈದ ಹಾಗೇ ಇದೆ, ನನಗೆ ಬಹಳ ಹಿಡಿಸಿತು. ಕಛೇರಿಯ ಗಾಯಕರೊಬ್ಬರ ಆಲಾಪನೆ, ಮೇಲಿನ ಸ್ವರಕ್ಕೆ ಹೋಗಿ ದನಿ ಒಡೆಯುತ್ತದೆ, ಬಿಡದೆ ಮತ್ತೆ ಹೋಗುತ್ತಾರೆ. ಒಂದು ಸಿನಿಮಾ ಹಾಡು, ಪೂರ್ತಿ ಅಲ್ಲ, ಹೆಣ್ಣು ದನಿ ಬರುವ ಒಂದು ಚರಣ ಮಾತ್ರ. ಬ್ಯಾಂಡಿನವರು ಊದಿದ ಒಂದು ಧಾಟಿ. ಕೊನೆಗೆ ಸೋಪಿನ ಜಾಹೀರಾತು. ನಾವೆಲ್ಲ ನಕ್ಕರೆ, ಹಾಡು ಚಿಕ್ಕದಾದ್ರೆ ಹಾಡಲ್ವಾ ಎಂದು ಭಾವ ಸಿಟ್ಟಾದರು.

ಅಷ್ಟಕ್ಕೆ ಮುಗಿಯಿತು. ಮಗಳು ಗಂಟಿನಿಂದ ಎದ್ದಳು. ಕಣ್ಣು ಕೆಂಪಾಗಿತ್ತು, ದನಿ ಗಟ್ಟಿಯಾಗೇ ಇತ್ತು.

"ಸೋಪಿಗೆ ಇರೋ ಭಾಗ್ಯ ನನಗಿಲ್ಲ. ಯಾಕೆ ಅಂತನಾದ್ರೂ ಹೇಳಪ್ಪ."

ಅಕ್ಕ ಟೀ ಲೋಟಗಳನ್ನು ಎತ್ತುವುದು ಬಿಟ್ಟಳು. ಭಾವ ಇಸ್ತ್ರಿ ಮೇಜಿನ ಬಟ್ಟೆಯನ್ನು ಸವರುತ್ತಾ ಹೇಳಿದರು.

"ಮನೇಲಿ ನೀನು ಹಾಡ್ತೀಯಲ್ಲ ಪುಟ್ಟಿ, ಬಟ್ಟೆ ಒಣಹಾಕ್ತಾ. ನಡುವೆ ಉಸಿರು ತಗೋತೀಯ. ಒಂದು ಮಾತು ಮರೆತು ಹೋಗತ್ತೆ, ಬಾಯಿಗೆ ಬಂದಿದ್ದು ಸೇರಿಸ್ತೀಯ. ಅದು ಕೇಳಿದ್ರೆ ನೀನು ಅಂತ ಗೊತ್ತಾಗತ್ತೆ. ಈ ಹಾಡಲ್ಲಿ ಅದನ್ನೆಲ್ಲ ತೆಗೆದು ಸಾಪು ಮಾಡ್ಬಿಟ್ಟಿದಾರೆ. ನಾನು ಜೀವಮಾನವೆಲ್ಲ ಸುಕ್ಕು ತೆಗೆಯೋನು. ಬಟ್ಟೆಗೆ ಅದು ಸರಿ. ದನಿಗೆ ಯಾಕಮ್ಮ?"

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಹೊಸ ವರ್ಷ ಬಂದರೂ ಮಾತಿಲ್ಲ. ಡಬ್ಬಿ ತರುವುದು ನಿಂತಿತು. ಅದಕ್ಕಿಂತ ಕೆಟ್ಟದ್ದೆಂದರೆ, ಮನೆಯಲ್ಲಿ ಬಟ್ಟೆ ಒಣಹಾಕುವಾಗಲೂ ಹಾಡು ನಿಂತಿತಂತೆ. ಭಾವ ಸ್ಪೀಕರ್ ಹಚ್ಚುವುದು ಬಿಟ್ಟರು. ನನಗೆ ನೆಮ್ಮದಿ ಆಗಬೇಕಿತ್ತು, ಆಗಲಿಲ್ಲ. ಬರೀ ಹಬೆಯ ಬುಸುಬುಸು ಕೇಳುತ್ತಾ ಕೂರುವುದು ನರಕ. ನಾನೇ ಹೋಗಿ ವೈರ್ ಸಿಕ್ಕಿಸಿದೆ, ಅವರು ಕಿತ್ತರು.

ಹೀಗೇ ವಾರ ಕಳೆದ ಮೇಲೆ ಒಂದು ಬೆಳಗ್ಗೆ ಭಾವ ಒಗೆದ ಅಂಗಿ ಹಾಕಿಕೊಂಡು ಬಂದು ರಜೆ ಕೇಳಿದರು. ಇಷ್ಟು ವರ್ಷದಲ್ಲಿ ಜ್ವರ ಬಂದಾಗಲೂ ಕೇಳದವರು. ಶಾಲೆ ಯೂನಿಫಾರ್ಮಿನ ರಾಶಿ ಬಿದ್ದಿದೆ, ಇವತ್ತೇ ನಿಮಗೆ ರಜೆಯಾ ಎಂದು ನಾನು ಕೂಗಾಡಿದೆ. ಆಮೇಲೆ ನೋಡಿದರೆ ಬಾಗಿಲಲ್ಲಿ ಮಗಳು ನಿಂತಿದ್ದಾಳೆ.

"ಮಾವ, ಇವತ್ತು ಸ್ಟುಡಿಯೋದಲ್ಲಿ ಆ ಹಾಡು ಮತ್ತೆ ಹಾಡ್ತಾ ಇದೀವಿ. ಅಪ್ಪ ಎದುರಿಗೆ ಇರಬೇಕು. ತಪ್ಪು ಹುಡುಕ್ತಾರಲ್ಲ, ಅಲ್ಲೇ ಹುಡುಕಲಿ."

ಹೋಗಿ ಅಂದೆ. ಇಡೀ ದಿನ ನಾನೇ ಇಸ್ತ್ರಿ ಹಿಡಿದೆ. ಸೊಂಟ ಬಿದ್ದುಹೋಯಿತು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಭಾವ ಒಬ್ಬರೇ ಬಂದರು. ಗಾಜಿನ ಕೋಣೆ, ಗೋಡೆಗೆಲ್ಲ ಹಾಸಿಗೆ ಅಂಟಿಸಿದ ಹಾಗಿದೆ ಅಂದರು. ಮೊದಲ ಸಲ ಹೆದರಿಕೊಂಡು ಹಾಡಿದಳಂತೆ. ಎರಡನೇ ಸಲ ಅಪ್ಪನಿಗೆ ತೋರಿಸಬೇಕೆಂದು ಹಾಡಿದಳಂತೆ, ಅದೂ ಸರಿಬರಲಿಲ್ಲವಂತೆ.

"ಆಮೇಲೆ?" ಅಕ್ಕ ಕೇಳಿದಳು.

"ಆಮೇಲೆ ನಾನು ಅಲ್ಲಿ ಇದೀನಿ ಅನ್ನೋದೇ ಮರೆತಳು."

ಹಾಗಾದ್ರೆ ಆಯ್ತಲ್ಲ, ಮುಗೀತಲ್ಲ ಅಂದೆ.

"ಮುಗಿದಿಲ್ಲ ಕಣಯ್ಯ. ಅರ್ಧ ಹಾಡಷ್ಟೇ ಆಗಿದ್ದು. ನಾಳೆನೂ ಬಾ ಅಂತ ಅವಳೇ ಕರೆದಳು," ಎಂದರು. ಆ ಕೊನೆಯ ಮಾತನ್ನು ಇನ್ನೊಂದು ಸಲ ಹೇಳಿದರು.

ನಾನು ಬೈಯಲು ಬಾಯಿ ತೆರೆದೆ. ಅಕ್ಕ ನನ್ನ ಕಡೆ ನೋಡಿದಳು. ಉಳಿದ ಯೂನಿಫಾರ್ಮುಗಳನ್ನು ನಾಳೆಗೆಂದು ನನ್ನ ಕಡೆಗೆ ಎಳೆದು ಜೋಡಿಸಿಟ್ಟೆ.